ಮೊದಲು ಮದ್ದು, ಆಮೇಲೆ ಬಾಲಮಂದಿರ

ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಕರ್ನಾಟಕದ ಮಗುವಿಗೆ ಬಿಸಿಯೂಟ ಸಿಗುತ್ತದೆ, ಕ್ಷೀರಭಾಗ್ಯದ ಹಾಲು ಸಿಗುತ್ತದೆ, ಮೊಟ್ಟೆಯೋ ಬಾಳೆಹಣ್ಣೋ ಸಿಗುತ್ತದೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಆಗಾಗ ಜಂತುಹುಳುವಿನ ಮಾತ್ರೆ ಕೈಗೆ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ, ಅಂದರೆ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಾಸಿಸ್ಟ್, ವರ್ಷಕ್ಕೊಮ್ಮೆ ಶಾಲೆಗೂ ಎರಡು ಸಲ ಅಂಗನವಾಡಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ಹುಟ್ಟಿನಿಂದ 18 ವರ್ಷದವರೆಗೆ ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡಿರುವುದು ಸಣ್ಣ ಮಾತೇನಲ್ಲ. ಆದರೆ ಇದಕ್ಕೆಲ್ಲ ಇರುವುದು ಎರಡೇ ಬಾಗಿಲು: ಅಂಗನವಾಡಿ ಮತ್ತು ಶಾಲೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಮುಚ್ಚಿದ ಅಂಗಡಿಗಳ ಮುಂದೆ ಮಲಗುವ, ಸಿಗ್ನಲ್ಲಿನಲ್ಲಿ ಪೆನ್ನು ಮಾರುವ, ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ರೈಲು ನಿಲ್ದಾಣದ ಸುತ್ತ ಖಾಲಿ ಬಾಟಲಿ ಆಯುವ ಮಗು ಎರಡೂ ಬಾಗಿಲಿನ ಹೊರಗೇ ಉಳಿದಿದೆ. ಶಾಲೆ ಬಿಟ್ಟ ಮಕ್ಕಳಿಗೂ ಜಂತುಹುಳುವಿನ ಮಾತ್ರೆ ತಲುಪಬೇಕು, ಆಶಾ ಕಾರ್ಯಕರ್ತೆಯರು ಅಂಥವರನ್ನು ಅಂಗನವಾಡಿಗೆ ಕರೆತರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆ ಹೋಗುವುದು ಮನೆಮನೆಗೆ. ಮನೆಯೇ ಇಲ್ಲದ ಮಗು ಅವರ ದಾರಿಯಲ್ಲಿ ಸಿಗುವುದಾದರೂ ಹೇಗೆ?

ಹಾಗೆಂದು ಬೀದಿ ಮಕ್ಕಳ ಬಗ್ಗೆ ಸರ್ಕಾರ ಯೋಚಿಸಿಯೇ ಇಲ್ಲ ಎನ್ನಲಾಗದು. 2015ರ ಬಾಲನ್ಯಾಯ ಕಾಯ್ದೆ ಬೀದಿಯಲ್ಲಿ ಬದುಕುವ, ಭಿಕ್ಷೆ ಬೇಡುವ, ನೆಲೆಯಿಲ್ಲದ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಂದು ಸ್ಪಷ್ಟವಾಗಿಯೇ ಗುರುತಿಸಿದೆ. ಅಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಎಲ್ಲ ರಾಜ್ಯಗಳೂ ಬೀದಿ ಮಕ್ಕಳನ್ನು ಗುರುತಿಸಿ ‘ಬಾಲ್ ಸ್ವರಾಜ್’ ಪೋರ್ಟಲ್‌ನಲ್ಲಿ ದಾಖಲಿಸಬೇಕೆಂದು ಆದೇಶಿಸಿತು. ಅದಕ್ಕೂ ಮೊದಲೇ, ಸಿಗ್ನಲ್ಲುಗಳಲ್ಲಿ ಹೂವು, ಆಟಿಕೆ ಮಾರುವ ಮಕ್ಕಳ ಕುರಿತ ಅರ್ಜಿಯೊಂದರಲ್ಲಿ ನಮ್ಮ ಹೈಕೋರ್ಟ್ ಬೆಂಗಳೂರಿನಲ್ಲಿ ಸಮೀಕ್ಷೆಗೆ ಸೂಚಿಸಿತ್ತು. ಈ ಎಲ್ಲದರಲ್ಲೂ ಹೆಜ್ಜೆಗಳ ಕ್ರಮ ಒಂದೇ: ಮೊದಲು ಗುರುತಿಸು, ಆಮೇಲೆ ರಕ್ಷಿಸು, ಹಾಜರುಪಡಿಸು, ಬಾಲಮಂದಿರಕ್ಕೆ ಸೇರಿಸು. ವೈದ್ಯರು ಬರುವುದು ಇದೆಲ್ಲ ಆದ ಮೇಲೆ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮಗು ಎಲ್ಲಿದೆಯೋ ಅಲ್ಲಿಯೇ, ಯಾವ ಕಾಗದವನ್ನೂ ಕೇಳದೆ, ಯಾವ ಷರತ್ತನ್ನೂ ಹಾಕದೆ ಕೊಡುವ ಚಿಕಿತ್ಸೆಯೇ ರಕ್ಷಣೆಯ ಮೊದಲ ಹೆಜ್ಜೆಯಾಗಬೇಕು. ಮಿಕ್ಕ ಹೆಜ್ಜೆಗಳು ಅದರ ಹಿಂದೆ ಬರಲಿ.

ಬೀದಿಯ ಮಗುವಿಗೆ ಬರುವ ಕಾಯಿಲೆಗಳಲ್ಲಿ ಅಪರೂಪದ್ದು ಅಂತ ಏನೂ ಇಲ್ಲ. ಕಜ್ಜಿ, ಕಿವಿ ಸೋರುವುದು, ಹುಳುಕು ಹಲ್ಲು, ರಕ್ತಹೀನತೆ, ಬಿಡದ ಕೆಮ್ಮು, ಗುಜರಿ ಆಯುವಾಗ ಗಾಜು ತಗುಲಿ ಕೀವು ಕಟ್ಟಿದ ಕಾಲು. ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾಸಿಯಾಗುವಂಥವೇ. ಮನೆಯಲ್ಲಿರುವ ಮಗುವಿಗೆ ಕಜ್ಜಿಯಾದರೆ ತಾಯಿ ಮುಲಾಮು ಹಚ್ಚಿ, ಬಟ್ಟೆ ಹಾಸಿಗೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಒಣಹಾಕುತ್ತಾಳೆ. ಇರುವುದೊಂದೇ ಅಂಗಿಯಲ್ಲಿ ನಾಲ್ಕೈದು ಮಂದಿಯ ಜೊತೆ ಒಂದೇ ಗೋಣಿ ಹೊದ್ದು ಮಲಗುವ ಹುಡುಗನಿಗೆ ಮುಲಾಮು ಕೊಟ್ಟರೂ ಅದು ಮರಳಿ ಬರುತ್ತದೆ. ನಾಯಿ ಕಡಿತವನ್ನೇ ನೋಡಿ. ರೇಬೀಸ್‌ನಿಂದ ಸಾಯುವವರಲ್ಲಿ ಸುಮಾರು ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ರಾತ್ರಿ ಎರಡು ಗಂಟೆಗೆ ಮಾರುಕಟ್ಟೆಯ ಮೂಲೆಯಲ್ಲಿ ಕಚ್ಚಿಸಿಕೊಂಡವನಿಗೆ ಸೋಪೂ ಇಲ್ಲ, ನೀರೂ ಇಲ್ಲ. ಆಮೇಲೆ ಲಸಿಕೆ: ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಗಾಯ ಆಳವಾಗಿದ್ದರೆ ಜೊತೆಗೆ ಇಮ್ಯುನೊಗ್ಲೋಬುಲಿನ್ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ, ಸರಿ. ಆದರೆ ನಾಲ್ಕು ತಾರೀಖು ನೆನಪಿಟ್ಟುಕೊಂಡು, ಚೀಟಿಯನ್ನು ಮಳೆಯಲ್ಲಿ ನೆನೆಯದಂತೆ ಕಾಪಾಡಿಕೊಂಡು ಬರಬೇಕಾದವನು ಹತ್ತು ವರ್ಷದ ಹುಡುಗ. ಇಪ್ಪತ್ತೆಂಟನೇ ದಿನಕ್ಕೆ ಅವನು ಯಾವ ಊರಿನ ಯಾವ ಪ್ಲಾಟ್‌ಫಾರಂನಲ್ಲಿರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲಂತೂ ರೇಬೀಸ್‌ಗೆ ಮದ್ದೇ ಇಲ್ಲ.

ಇನ್ನು ಸಲ್ಯೂಷನ್. ಪಂಕ್ಚರ್ ಹಾಕುವ ಅಂಟು, ಪೇಂಟಿಗೆ ಬೆರೆಸುವ ಥಿನ್ನರ್, ವೈಟ್ನರ್: ಒಂದು ಬಟ್ಟೆ ತುಂಡಿಗೆ ಸುರಿದು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡರೆ ಸಾಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ನಶೆ ಇದೊಂದೇ. ವಯಸ್ಕರಲ್ಲಿ ಶೇ 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 1.17. ಈ ಚಟದಿಂದ ಹೊರಬರಲು ನೆರವು ಬೇಕಾಗಿರುವ ಮಕ್ಕಳು ದೇಶದಲ್ಲಿ 4.6 ಲಕ್ಷ. ಅಂಟು, ಥಿನ್ನರ್‌ಗಳಲ್ಲಿರುವ ಟಾಲುಯೀನ್‌ನಂಥ ದ್ರಾವಕಗಳು ಮಿದುಳು, ನರ, ಮೂತ್ರಪಿಂಡಗಳನ್ನು ಹಾಳುಮಾಡುತ್ತವೆ. ಎಳೆದ ಕೂಡಲೇ ಹೃದಯದ ಬಡಿತ ತಪ್ಪಿ ಅಲ್ಲೇ ಸಾಯುವುದೂ ಉಂಟು, ಅದಕ್ಕೆ ಹಳೆಯ ಚಟವೇ ಆಗಿರಬೇಕೆಂದಿಲ್ಲ. ಇಷ್ಟಾದರೂ ಮಕ್ಕಳು ಅದನ್ನೇಕೆ ಬಿಡುವುದಿಲ್ಲ ಎಂದು ಕೇಳುವವರು ಅದು ಮಾಡುವ ಕೆಲಸವನ್ನು ಗಮನಿಸಬೇಕು. ಅದು ಹಸಿವನ್ನು ಮರೆಸುತ್ತದೆ, ಚಳಿಯನ್ನು ಮರೆಸುತ್ತದೆ, ಹಿಂದಿನ ರಾತ್ರಿ ಮೈಮೇಲೆ ನಡೆದ ಹಲ್ಲೆಯನ್ನು ಮರೆಸುತ್ತದೆ, ಅದೂ ಒಂದು ಊಟಕ್ಕಿಂತ ಕಡಿಮೆ ದುಡ್ಡಿಗೆ. ಮಗುವಿಗೆ ಮದ್ಯ, ಮಾದಕವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಅಂಟು ಹಾರ್ಡ್‌ವೇರ್ ಅಂಗಡಿಯ ಸರಕು. ಅದನ್ನು ಕೊಟ್ಟವನು ವ್ಯಾಪಾರ ಮಾಡಿದೆ ಎನ್ನುತ್ತಾನೆ, ಪೊಲೀಸರೂ ಅಷ್ಟಕ್ಕೇ ಬಿಡುತ್ತಾರೆ. ಈ ಚಟ ಬಿಡಿಸಲು ಗುಳಿಗೆಯಿಲ್ಲ. ಬೇಕಾದದ್ದು ಹೊಟ್ಟೆತುಂಬ ಊಟ, ಭಯವಿಲ್ಲದ ನಿದ್ದೆ, ದಿನವೂ ಬಂದು ಮಾತಾಡಿಸುವ ಒಬ್ಬ ನಂಬಿಕಸ್ತ ದೊಡ್ಡವರು. ಮದ್ಯವ್ಯಸನಿ ಗಂಡಸರಿಗೆಂದು ಕಟ್ಟಿದ ವ್ಯಸನಮುಕ್ತಿ ಕೇಂದ್ರದಲ್ಲಿ ಹನ್ನೊಂದು ವರ್ಷದ ಹುಡುಗನನ್ನು ತಂದು ಮಲಗಿಸುವುದು ಚಿಕಿತ್ಸೆಯಲ್ಲ, ಇನ್ನೊಂದು ಅಪಾಯ.

ಲೈಂಗಿಕ ದೌರ್ಜನ್ಯದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲದಷ್ಟು ಪುರಾವೆ ಬಹಳ ಹಿಂದೆಯೇ ನಮ್ಮ ಮುಂದಿದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ 53ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ತೀವ್ರ ಸ್ವರೂಪದ ದಾಳಿಗೆ ಹೆಚ್ಚು ಸಿಕ್ಕಿದವರು ಬೀದಿಯಲ್ಲಿರುವ, ದುಡಿಯುವ, ಹಾಗೂ ಸಂಸ್ಥೆಗಳಲ್ಲಿರುವ ಮಕ್ಕಳು. ಸಂಸ್ಥೆಗಳಲ್ಲಿರುವ ಮಕ್ಕಳು ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಆ ವಿಷಯಕ್ಕೆ ಮತ್ತೆ ಬರುತ್ತೇನೆ. ಬೀದಿಯಲ್ಲಿರುವ ಹುಡುಗಿಯ ಪಾಡು ಇನ್ನೂ ಕಷ್ಟದ್ದು. ದುಡ್ಡು ಕೊಟ್ಟು ಹೋಗಬೇಕಾದ ಸಾರ್ವಜನಿಕ ಶೌಚಾಲಯ ರಾತ್ರಿ ಬೀಗ ಹಾಕಿಕೊಳ್ಳುತ್ತದೆ. ಮುಟ್ಟಿನ ದಿನಗಳಲ್ಲಿ ಅವಳು ಬಟ್ಟೆ ಒಗೆಯುವುದೆಲ್ಲಿ, ಒಣಗಿಸುವುದೆಲ್ಲಿ? ಸ್ಯಾನಿಟರಿ ಪ್ಯಾಡ್ ಹಂಚುವ ಯೋಜನೆಯೂ ಶಾಲೆ, ಹಾಸ್ಟೆಲುಗಳ ಮೂಲಕವೇ ಸಾಗುತ್ತದೆ.

ಸರ್ಕಾರಿ ಆಸ್ಪತ್ರೆ ಎಲ್ಲರಿಗೂ ತೆರೆದಿದೆಯಲ್ಲ, ಅವರೇಕೆ ಅಲ್ಲಿಗೆ ಹೋಗಬಾರದು ಎಂದು ಕೇಳಬಹುದು. ತೆರೆದಿರುವುದು ನಿಜ. ಆದರೆ ಬಾಗಿಲಲ್ಲಿ ಕೇಳುವ ಪ್ರಶ್ನೆಗಳು ಯಾವುವು? ಜೊತೆಗೆ ದೊಡ್ಡವರು ಯಾರಿದ್ದಾರೆ? ಆಧಾರ್ ಇದೆಯೇ? ರೇಷನ್ ಕಾರ್ಡ್? ಫೋನ್ ನಂಬರ್ ಹೇಳು. ಇವನ್ನು ಕೇಳುವವರು ಕೆಟ್ಟವರೇನಲ್ಲ, ಅವರ ಮುಂದಿರುವ ಫಾರಂ ಕೇಳಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನಡೆಯುವುದು ಆಧಾರ್ ಮತ್ತು ರೇಷನ್ ಕಾರ್ಡಿನ ಮೇಲೆ, ರೇಷನ್ ಕಾರ್ಡ್ ಸಿಗುವುದು ಕುಟುಂಬಕ್ಕೆ. ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು, ಜೊತೆಗೆ ಒಳ್ಳೆಯ ಊಟ ಬೇಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಕೊಡುತ್ತಾರೆ. ಅದು ಬಂದು ಬೀಳುವುದು ಬ್ಯಾಂಕ್ ಖಾತೆಗೆ. ಊಟ ಎಲ್ಲರಿಗಿಂತ ಹೆಚ್ಚು ಬೇಕಾದ ರೋಗಿಗೆ ಖಾತೆಯೇ ಇಲ್ಲ. ಬಡವರ ಬೀದಿಗೇ ಆರೋಗ್ಯ ಸೇವೆ ಬರಲಿ ಎಂದು 2022ರಲ್ಲಿ ರಾಜ್ಯಕ್ಕೆ 438 ನಮ್ಮ ಕ್ಲಿನಿಕ್‌ಗಳನ್ನು, ಅದರಲ್ಲಿ ಬೆಂಗಳೂರಿಗೇ 243 ಕ್ಲಿನಿಕ್‌ಗಳನ್ನು ಯೋಜಿಸಿದ್ದು ಒಳ್ಳೆಯ ಕೆಲಸ. ಆದರೆ ಅವುಗಳ ವೇಳೆ ಹೆಚ್ಚಾಗಿ ಹಗಲಿನದು, ಅದು ಈ ಮಕ್ಕಳು ಗೋಣಿಚೀಲ ಹೊತ್ತು ದುಡಿಯುವ ಹೊತ್ತು. ಹೀಗಾಗಿ ಇವರಲ್ಲಿ ಬಹಳ ಮಂದಿ ಆಸ್ಪತ್ರೆ ಕಾಣುವುದು ಪ್ರಜ್ಞೆ ತಪ್ಪಿ ಬಿದ್ದಾಗ, ಇಲ್ಲವೇ ವಾಹನ ಗುದ್ದಿದಾಗ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು, ಬೀದಿಗೇ ಮದ್ದು ಕೊಂಡೊಯ್ದರೆ ಮಕ್ಕಳು ಬೀದಿಯಲ್ಲೇ ಉಳಿಯುತ್ತಾರೆ ಎಂಬುದು. ಮಗುವಿನ ಜಾಗ ಮನೆ ಮತ್ತು ಶಾಲೆ, ಫುಟ್‌ಪಾತ್ ಅಲ್ಲ, ಅದನ್ನು ಅಲ್ಲಿಂದ ತರುವುದೇ ನಿಜವಾದ ಚಿಕಿತ್ಸೆ ಎನ್ನುತ್ತಾರೆ. ಕೊನೆಯ ಗುರಿಯ ಬಗ್ಗೆ ನನ್ನದೂ ತಕರಾರಿಲ್ಲ. ರೈಲ್ವೆ ರಕ್ಷಣಾ ಪಡೆಯ ‘ನನ್ಹೆ ಫರಿಶ್ತೆ’ ಕಾರ್ಯಾಚರಣೆ 2018ರಿಂದ 2024ರ ಮೇ ವರೆಗೆ 84 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನಿಲ್ದಾಣಗಳಲ್ಲಿ, ರೈಲುಗಳಲ್ಲಿ ಪತ್ತೆಹಚ್ಚಿ ರಕ್ಷಿಸಿತು. ಮನೆ ಬಿಟ್ಟು ಮೊದಲ ದಿನ ಪ್ಲಾಟ್‌ಫಾರಂಗೆ ಇಳಿದ ಮಗುವಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಆದರೆ ಬೀದಿಯಲ್ಲಿ ಎರಡು ಮೂರು ವರ್ಷ ಕಳೆದ ಹುಡುಗನ ಲೆಕ್ಕಾಚಾರ ಬೇರೆ. ಹೊಡೆತ ತಿಂದು ಮನೆಬಿಟ್ಟವನಿಗೆ ನಾಲ್ಕು ಗೋಡೆ ಎಂದರೆ ನೆನಪಾಗುವುದು ಹೊಡೆತವೇ. ಸಮವಸ್ತ್ರ ಕಂಡರೆ ಓಡುತ್ತಾನೆ, ಹಿಡಿದು ತಂದರೆ ತಪ್ಪಿಸಿಕೊಳ್ಳುತ್ತಾನೆ, ಮುಂದಿನ ಸಲ ಇನ್ನೂ ಕತ್ತಲ ಮೂಲೆ ಹುಡುಕುತ್ತಾನೆ. ಅವನ ಭಯಕ್ಕೆ ಆಧಾರವಿಲ್ಲ ಎನ್ನುವಂತೆಯೂ ಇಲ್ಲ. 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಆಶ್ರಯಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಘೋರ ಕೃತ್ಯ ಬಯಲಿಗೆ ಬಂದದ್ದು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರಿಶೋಧನೆಯಿಂದ. ನಮ್ಮಲ್ಲೇ, 2010ರಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಒಂದರ ಹಿಂದೊಂದು ಸಾವುಗಳಾದವು. ಅಲ್ಲಿದ್ದವರು ದೊಡ್ಡವರು, ಬೇರೆ ಕಾನೂನಿನಡಿ ಬಂದವರು, ಒಪ್ಪೋಣ. ಆದರೂ ಬೀದಿಯಿಂದ ಎತ್ತಿ ಒಳಗೆ ಹಾಕಿದ ಮಾತ್ರಕ್ಕೆ ಆರೋಗ್ಯ ಬರುವುದಿಲ್ಲ ಎಂಬುದಕ್ಕೆ ಅಷ್ಟು ಸಾಕು. ಬಾಲನ್ಯಾಯ ಕಾಯ್ದೆಯ ಮೂರನೇ ಕಲಮು ಕೂಡ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂದೇ ಹೇಳುತ್ತದೆ. ಕೊನೆಯದನ್ನು ನಾವು ಮೊದಲು ಮಾಡುತ್ತಿದ್ದೇವೆ.

ಮದ್ದು ಸಿಕ್ಕಿತೆಂದು ಯಾವ ಮಗುವೂ ಬೀದಿಯಲ್ಲಿ ಉಳಿಯುವುದಿಲ್ಲ, ಮದ್ದಿಲ್ಲವೆಂದು ಬೀದಿ ಬಿಡುವುದೂ ಇಲ್ಲ. ಮದ್ದಿನಿಂದ ಆಗುವುದು ಬೇರೆಯೇ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಎರಡು ದಿನಕ್ಕೊಮ್ಮೆ ಒಬ್ಬ ನರ್ಸ್ ಮುಂದೆ ಕೂರುವ ಹುಡುಗ ಮೂರನೆಯ ಸಲ ತನ್ನ ನಿಜವಾದ ಹೆಸರು ಹೇಳುತ್ತಾನೆ, ಐದನೆಯ ಸಲ ಊರಿನ ಹೆಸರು. ಯಾರು ಹೊಡೆದರು, ಯಾರಿಗೆ ದುಡ್ಡು ಕೊಡಬೇಕು ಎಂಬುದೆಲ್ಲ ಆಮೇಲೆ ಹೊರಬರುತ್ತದೆ. ಬೆಂಗಳೂರಿನಲ್ಲಿ ನಾಲ್ಕು ದಶಕಗಳಿಂದ ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ಬಾಸ್ಕೊದಂಥ ಸಂಸ್ಥೆಗಳು ಮಕ್ಕಳಿರುವ ಜಾಗಕ್ಕೇ ಹೋಗಿ ಗೆಳೆತನ ಬೆಳೆಸುವುದು ಇದಕ್ಕಾಗಿಯೇ. ಕೋಲ್ಕತ್ತದಲ್ಲಿ ಜ್ಯಾಕ್ ಪ್ರೆಗರ್ ಎಂಬ ಬ್ರಿಟಿಷ್ ವೈದ್ಯ 1980ರ ದಶಕದಲ್ಲಿ ಮಿಡ್ಲ್‌ಟನ್ ರೋ ಎಂಬ ರಸ್ತೆಯ ಫುಟ್‌ಪಾತಿನಲ್ಲೇ ದವಾಖಾನೆ ಇಟ್ಟು ಮನೆಯಿಲ್ಲದವರಿಗೆ ಚಿಕಿತ್ಸೆ ಕೊಟ್ಟರು. ಆ ಕೆಲಸ ಮುಂದೆ ಕಲ್ಕತ್ತಾ ರೆಸ್ಕ್ಯೂ ಎಂಬ ಸಂಸ್ಥೆಯಾಗಿ ಬೆಳೆದು ಮಕ್ಕಳ ಶಿಕ್ಷಣಕ್ಕೂ ಕೈಹಾಕಿತು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿ 2017ರ ತನ್ನ 21ನೇ ಸಾಮಾನ್ಯ ಟಿಪ್ಪಣಿಯಲ್ಲಿ ಹೇಳಿದ್ದೂ ಇಂಥದೇ ದಾರಿ: ಬೀದಿಯಿಂದ ಗುಡಿಸಿ ಹಾಕುವ ಕ್ರಮ ಬಿಡಿ, ಮಗುವಿನ ಮಾತು ಕೇಳಿ, ಅದರ ಹಕ್ಕುಗಳಿಂದ ಆರಂಭಿಸಿ.

ಎರಡನೆಯ ಆಕ್ಷೇಪ ಕಾನೂನಿನದು, ಇದು ತಳ್ಳಿಹಾಕುವಂಥದಲ್ಲ. ಪೋಷಕರಿಂದ ಬೇರ್ಪಟ್ಟ ಮಗು ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ ತಿಳಿಸಬೇಕು ಎಂದು ಬಾಲನ್ಯಾಯ ಕಾಯ್ದೆಯ 32ನೇ ಕಲಮು ಎಲ್ಲರಿಗೂ ಹೊಣೆ ಹೊರಿಸುತ್ತದೆ. ಲೈಂಗಿಕ ದೌರ್ಜನ್ಯ ತಿಳಿದೂ ದೂರು ಕೊಡದಿದ್ದರೆ ಪೋಕ್ಸೊ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು. ಹಾಗಿರುವಾಗ ಮಗುವಿಗೆ ಮದ್ದು ಹಚ್ಚಿ ಅಲ್ಲೇ ಬಿಟ್ಟು ಬರುವ ನರ್ಸ್ ಕಾನೂನು ಮುರಿದಂತಾಗುವುದಿಲ್ಲವೇ? ತಿಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಳಿಸುವುದು ಬೇರೆ, ಎತ್ತೊಯ್ಯುವುದು ಬೇರೆ. ಮಾಹಿತಿ ಬಂದ ಮೇಲೆ ಏನು ಮಾಡಬೇಕೆಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅದರ ಮುಂದೆ ಬಾಲಮಂದಿರವಲ್ಲದೆ ಬೇರೆ ದಾರಿಗಳೂ ಇವೆ. ಮಗು ತಾನಾಗಿ ಬಂದುಹೋಗಬಹುದಾದ ತೆರೆದ ತಂಗುದಾಣವನ್ನು ಅದೇ ಕಾಯ್ದೆ ಒಪ್ಪಿದೆ. ಕುಟುಂಬಕ್ಕೆ ಮರಳಿಸಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅವಕಾಶವಿದೆ. ಚಿಕಿತ್ಸೆಗೆ ಕಾಗದ ಬೇಕೇ ಎಂಬ ಪ್ರಶ್ನೆಗಂತೂ ಪೋಕ್ಸೊ ನಿಯಮಗಳೇ ಉತ್ತರ ಕೊಟ್ಟಿವೆ: ಸಂತ್ರಸ್ತ ಮಗುವಿಗೆ ತುರ್ತು ಚಿಕಿತ್ಸೆ ಕೊಡುವ ಮುನ್ನ ಯಾವ ಆಸ್ಪತ್ರೆಯೂ ಕಾನೂನು ದಾಖಲೆಯನ್ನಾಗಲಿ ಕೋರಿಕೆ ಪತ್ರವನ್ನಾಗಲಿ ಕೇಳಕೂಡದು. ಅತ್ಯಾಚಾರಕ್ಕೊಳಗಾದ ಮಗುವಿಗೆ ಈ ಮಾತು ಸಲ್ಲುವುದಾದರೆ ನಾಯಿ ಕಚ್ಚಿದ ಮಗುವಿಗೂ ಸಲ್ಲಬೇಕು. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. 1996ರಲ್ಲಿ ಮುಂಬೈಯಲ್ಲಿ ಶುರುವಾದ 1098 ಮಕ್ಕಳ ಸಹಾಯವಾಣಿಯನ್ನು ಈಗ ಸರ್ಕಾರವೇ ವಹಿಸಿಕೊಂಡು 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಿಸಿದೆ. ಆಡಳಿತಕ್ಕೆ ಅದು ಅನುಕೂಲವೇ ಇರಬಹುದು. ಪೊಲೀಸರೆಂದರೆ ಹೆದರುವ ಮಗು ಆ ನಂಬರು ಒತ್ತಲು ಹಿಂಜರಿದರೆ ತಪ್ಪು ಮಗುವಿನದಲ್ಲ.

ಹೆತ್ತವರನ್ನು ಶಿಕ್ಷಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಸಿಗ್ನಲ್ಲಿನಲ್ಲಿ ಕಾಣುವ ಮಕ್ಕಳಲ್ಲಿ ಅನೇಕರ ತಂದೆತಾಯಿ ಅಲ್ಲೇ ಇಪ್ಪತ್ತು ಅಡಿ ದೂರದಲ್ಲಿರುತ್ತಾರೆ, ಅವರೂ ಅಲ್ಲೇ ಮಲಗುತ್ತಾರೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರೆಂದು ದಾಖಲಾದ 17.7 ಲಕ್ಷ ಭಾರತೀಯರ ಪೈಕಿ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಇಂಥ ಕುಟುಂಬಗಳೂ ಇದ್ದವು. ಮಗುವನ್ನು ಭಿಕ್ಷೆಗೆ ಬಳಸುವ ದಂಧೆಕೋರರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುವ ಕಲಮು ಇದೆ, ಅದನ್ನು ಬಳಸಲಿ. ಕೂಲಿ ಸಿಗದೆ ಪೆನ್ನು ಮಾರುವ ತಾಯಿಗೂ ಅದನ್ನೇ ತೋರಿಸಿದರೆ ಅವಳು ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ಇನ್ನು ಖರ್ಚಿನ ಆಕ್ಷೇಪ, ಅದೂ ದೊಡ್ಡದಲ್ಲ. ವೈದ್ಯರು, ವಾಹನ, ಲಸಿಕೆ, ಕಟ್ಟಡ ಎಲ್ಲವೂ ಈಗಾಗಲೇ ಇವೆ.

ಆದ್ದರಿಂದ ಕೇಳುತ್ತಿರುವುದು ದೊಡ್ಡದೇನಲ್ಲ. ಬಾಲ ಸ್ವಾಸ್ಥ್ಯದ ಸಂಚಾರಿ ತಂಡಗಳ ವೇಳಾಪಟ್ಟಿಯಲ್ಲಿ ಶಾಲೆ, ಅಂಗನವಾಡಿಗಳ ಜೊತೆಗೆ ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳನ್ನೂ ಸೇರಿಸಿ, ವಾರಕ್ಕೊಂದು ಸಂಜೆ ಅಲ್ಲಿಗೆ ಕಳುಹಿಸಲಿ. ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಯಶವಂತಪುರ, ಹುಬ್ಬಳ್ಳಿಯಂಥ ಕಡೆ ಹತ್ತಿರದ ಒಂದೊಂದು ನಮ್ಮ ಕ್ಲಿನಿಕ್ ರಾತ್ರಿ ಹತ್ತರವರೆಗೆ ತೆರೆದಿರಲಿ. ಅಲ್ಲಿ ಟೆಟನಸ್, ರೇಬೀಸ್ ಲಸಿಕೆ ಇರಲಿ, ಕಾಲು ತೊಳೆಯಲು ನೀರು, ಸೋಪು ಇರಲಿ, ಆಧಾರ್ ಕೇಳುವುದು ಬೇಡ. ಮೊದಲ ಚುಚ್ಚುಮದ್ದು ಬೆಂಗಳೂರಿನಲ್ಲಿ ತೆಗೆದುಕೊಂಡ ಮಗುವಿಗೆ ಮೂರನೆಯದು ಕಲಬುರಗಿಯಲ್ಲೂ ಸಿಗುವಂತೆ ಕೊರಳಿಗೆ ಹಾಕಿಕೊಳ್ಳಬಹುದಾದ ಒಂದು ಬಿಲ್ಲೆ ಕೊಡಲಿ. ಚಿಂದಿ ಆಯುವವರಿಗೆ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟು ದಾರಿ ತೋರಿಸಿದ ಊರಿದು, ಇದೇನು ಆಗದ ಕೆಲಸವಲ್ಲ. ತೆರೆದ ತಂಗುದಾಣಗಳಲ್ಲಿ ಸಲ್ಯೂಷನ್ ಚಟದ ಮಕ್ಕಳಿಗೆಂದೇ ಕೆಲವು ಹಾಸಿಗೆ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಇರಲಿ. ಆಮೇಲೆ ಮಗು ಒಪ್ಪಿ ಬಾಲಮಂದಿರಕ್ಕೋ ಊರಿಗೋ ಶಾಲೆಗೋ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಆಯೋಗವೂ ಬೇಡ. ಆರೋಗ್ಯ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೂತು ಹೊರಡಿಸಬಹುದಾದ ಒಂದು ಜಂಟಿ ಸುತ್ತೋಲೆ ಸಾಕು. ಐದು ಪಾಲಿಕೆಗಳಾಗಿ ಹೊಸದಾಗಿ ಹಂಚಿಹೋಗಿರುವ ಬೆಂಗಳೂರಿನಿಂದಲೇ ಅದು ಶುರುವಾಗಲಿ. ಮುಂದಿನ ಮಳೆಗಾಲದೊಳಗೆ ಆ ಸುತ್ತೋಲೆ ಹೊರಬೀಳಬೇಕು.